ಮುಟ್ಟು ನಿಂತ ಮೇಲೆ ತೂಕದ ಮೇಲೊಂದು ಕಣ್ಣಿರಲಿ
ಅಕ್ಕಂದಿರೇ, ಸ್ತನ ಕ್ಯಾನ್ಸರ್ ತಡೆಯುತ್ತೆ ಅಂತ ಬರೋ ಪುಡಿ, ಕಷಾಯದ ಮೆಸೇಜು ನಂಬಿ ದುಡ್ಡು ಕಳ್ಕೋಬೇಡಿ. ಯಾವ ಒಂದು ಪದಾರ್ಥಕ್ಕೂ ಆ ಶಕ್ತಿ ಇಲ್ಲ.

ಮುಟ್ಟು ನಿಂತ ಮೇಲೆ ಮೈಯಲ್ಲಿರೋ ಕೊಬ್ಬೇ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನು ತಯಾರಿಸುತ್ತೆ, ಅದು ಜಾಸ್ತಿಯಾದ್ರೆ ಸ್ತನ ಕ್ಯಾನ್ಸರ್‌ಗೆ ದಾರಿಯಾಗಬಹುದು. ಅದಕ್ಕೇ ತೂಕ ಏರಿದಷ್ಟೂ ಈ ಕ್ಯಾನ್ಸರಿನ ಅಪಾಯ ಏರುತ್ತೆ. ವಾರಕ್ಕೆ 150 ನಿಮಿಷವಾದ್ರೂ ಬಿರುಸಾಗಿ ನಡೀರಿ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ ಇದೆಯಲ್ಲ! (ನಿಂತು ಹರಟೆ ಹೊಡೆದದ್ದು ಲೆಕ್ಕಕ್ಕಿಲ್ಲ.) ಮುದ್ದೆ ಚಿಕ್ಕದಾಗಲಿ, ಸೊಪ್ಪಿನ ಸಾರು, ಮೊಳಕೆಕಾಳು ಜಾಸ್ತಿಯಾಗಲಿ. ಮೈಸೂರುಪಾಕು ಹಬ್ಬಕ್ಕಿರಲಿ. ಮದ್ಯ ಸ್ವಲ್ಪವಾದ್ರೂ ಅಪಾಯವೇ, ವೈನೂ ಸೇರಿ. ಬಾಣಂತಿಯರು ಆದಷ್ಟು ಕಾಲ ಎದೆಹಾಲು ಕುಡಿಸಿ, ತಾಯಿಗೂ ರಕ್ಷಣೆ.

ಇಷ್ಟೆಲ್ಲ ಪಾಲಿಸಿದವರಿಗೂ ಸ್ತನ ಕ್ಯಾನ್ಸರ್ ಬರಬಹುದು. ಸ್ತನದಲ್ಲಿ ಗಂಟು, ಚರ್ಮ ಒಳಗೆ ಎಳೆದಂತಾಗೋದು, ತೊಟ್ಟಿನಿಂದ ರಕ್ತ ಕಂಡ್ರೆ ನೋವಿಲ್ಲ ಅಂತ ಸುಮ್ಮನಿರದೆ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್ ಸರ್ಕಾರಿ ಆಸ್ಪತ್ರೆಗೋ ಹೋಗಿ ತೋರಿಸಿ.