‘ವರ್ಚುಯಸ್’ ಪದವನ್ನು ನಾನು ಪಾಠ ಮಾಡಿದ ಬಗೆ

ವಿರಾಜಪೇಟೆ ಕಡೆಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ನನಗೆ, ‘ವರ್ಚುಯಸ್’ ಎಂಬ ವಿಶೇಷಣಕ್ಕೆ ‘ಸದ್ಗುಣಿ’ ಎಂದು ಬರೆಸಿ ಮುಂದೆ ಹೋಗುವುದು ಸಮಾಧಾನ ತರುತ್ತಿರಲಿಲ್ಲ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಆಡುವ ಮಕ್ಕಳಿಗೆ ‘ಸದ್ಗುಣಿ’ ಎಂಬುದೂ ಪುಸ್ತಕದ ಮಾತೇ. ಆದ್ದರಿಂದ ನಾನು ಮದ್ದುಸೊಪ್ಪಿನಿಂದ ಪಾಠ ಆರಂಭಿಸಿದೆ.

ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ ಹದಿನೆಂಟರಂದು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಈ ಸೊಪ್ಪನ್ನು ಕುದಿಸಿ, ಅದರ ಕಡುನೇರಳೆ ರಸದಲ್ಲಿ ಪಾಯಸ ಮಾಡುತ್ತಾರೆ. ಅಂದು ಅದರಲ್ಲಿ ಹದಿನೆಂಟು ಬಗೆಯ ಮದ್ದಿನ ಗುಣ ಕೂಡಿರುತ್ತದೆ ಎಂಬುದು ನಂಬಿಕೆ. ಸೊಪ್ಪಿಗೂ ಗುಣವುಂಟು, ಮನುಷ್ಯನಿಗೂ ಗುಣವುಂಟು. ಇಂಗ್ಲಿಷಿನ ‘ವರ್ಚು’ ಕೂಡ ಹೀಗೆಯೇ. ಹಿಂದಿನ ಕಾಲದ ಗಿಡಮೂಲಿಕೆ ಗ್ರಂಥಗಳಲ್ಲಿ ಬೇರುಸೊಪ್ಪುಗಳ ಶಕ್ತಿಗೆ ಆ ಪದವನ್ನೇ ಬಳಸುತ್ತಿದ್ದರು. ಅದರ ಮೂಲವಾದ ಲ್ಯಾಟಿನ್ ಪದ ‘ವಿರ್ತುಸ್’ ಮೊದಲು ಗಂಡಸಿನ ಪರಾಕ್ರಮವನ್ನು ಸೂಚಿಸಿ, ಕ್ರಮೇಣ ಯೋಗ್ಯತೆಗೂ ನಡತೆಯ ಒಳ್ಳೆಯತನಕ್ಕೂ ಹಬ್ಬಿತು.

ಹೆಂಗಸರ ವಿಷಯದಲ್ಲಿ ಈ ಪದ ಬಹುಕಾಲ ಶೀಲವೆಂಬ ಒಂದೇ ಅರ್ಥಕ್ಕೆ ಕಿರಿದಾಯಿತು. ಇದನ್ನು ನಾನು ತರಗತಿಯಲ್ಲಿ ನಿಧಾನವಾಗಿ ವಿವರಿಸುತ್ತೇನೆ. 1611ರ ಇಂಗ್ಲಿಷ್ ಬೈಬಲಿನ ಜ್ಞಾನೋಕ್ತಿಗಳಲ್ಲಿ ‘ವರ್ಚುಯಸ್ ವುಮನ್’ ಎನಿಸಿಕೊಂಡವಳು ಹೊಲವನ್ನು ಪರಿಶೀಲಿಸಿ ಖರೀದಿಸುತ್ತಾಳೆ, ತನ್ನ ದುಡಿಮೆಯ ಫಲದಿಂದ ದ್ರಾಕ್ಷಿತೋಟ ಹಾಕುತ್ತಾಳೆ. ಅಲ್ಲಿನ ಹೀಬ್ರೂ ಪದಕ್ಕೆ ಬಲವೆಂಬ ಅರ್ಥವೇ ಇದೆ. ಕಾಫಿ ತೋಟದ ಲೆಕ್ಕವನ್ನೆಲ್ಲ ತಾಯಂದಿರೇ ನೋಡುವ ಮನೆಗಳಿಂದ ಬರುವ ಹೆಣ್ಣುಮಕ್ಕಳಿಗೆ ಇದು ತಿಳಿದಿರಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಬಳಕೆಯ ಮಿತಿಯನ್ನು ವಾಕ್ಯಗಳಿಂದಲೇ ತೋರಿಸಿದೆ. ವ್ಯಕ್ತಿ, ಬದುಕು, ನಡತೆ, ಕೆಲಸ ಇವುಗಳಿಗೆ ‘ವರ್ಚುಯಸ್’ ಒಪ್ಪುತ್ತದೆ. ಊಟಕ್ಕೋ ಹವಾಮಾನಕ್ಕೋ ‘ಗುಡ್’ ಸಾಕು. ದಿನದ ಮಾತಿನಲ್ಲಿ ಈ ಪದ ಅಪರೂಪ, ಬರವಣಿಗೆಯಲ್ಲಿ ಹೆಚ್ಚು. ಒಂದು ಒಳಿತು ಇನ್ನೊಂದು ಒಳಿತಿಗೆ ದಾರಿಯಾಗುವುದನ್ನು ಅರ್ಥಶಾಸ್ತ್ರದವರು ‘ವರ್ಚುಯಸ್ ಸರ್ಕಲ್’ ಎನ್ನುತ್ತಾರೆ.

ಕೊನೆಗೆ ಸ್ವಂತ ವಾಕ್ಯ ಬರೆಯಲು ಹೇಳಿದಾಗ ಒಬ್ಬ ಹುಡುಗಿ, ಕಾಫಿ ಹಣ್ಣು ತೂಗುವಾಗ ತನ್ನ ಅಜ್ಜ ಕೆಲಸದವರ ಚೀಲದಲ್ಲಿ ಒಂದು ಕಿಲೋವನ್ನೂ ಕಡಿಮೆ ಬರೆಯುವುದಿಲ್ಲ, ಆದ್ದರಿಂದ ಅವರು ‘ವರ್ಚುಯಸ್’ ಎಂದು ಬರೆದಳು. ಅಷ್ಟಕ್ಕೆ ‘ಆನೆಸ್ಟ್’ ಸಾಕಲ್ಲವೇ, ಇಡೀ ನಡತೆಯನ್ನು ಒಪ್ಪಿದಾಗ ಮಾತ್ರ ಈ ಪದ ಸಲ್ಲುತ್ತದೆ ಎಂದೆ. ಅವಳು ಅಜ್ಜನ ಬಗ್ಗೆ ಇನ್ನೂ ಮೂರು ಸಾಲು ಸೇರಿಸಿ ತಂದಳು, ವಿಶೇಷಣವನ್ನು ಬದಲಿಸಲಿಲ್ಲ; ನಾನು ಸರಿಯೆಂದು ಗುರುತು ಹಾಕಿದೆ.