ಫೀಸು ಫ್ರೀ, ಪೆಟ್ಟಿಗೆ ಫ್ರೀ ಅಲ್ಲ

ಘಾನಾ ದೇಶದಲ್ಲಿ 2017ರಿಂದ ಸರ್ಕಾರಿ ಸೀನಿಯರ್ ಹೈಸ್ಕೂಲು ಫ್ರೀ. ಪಾಠಕ್ಕೆ ಫೀಸಿಲ್ಲ, ಹಾಸ್ಟೆಲಿಗೂ ಇಲ್ಲ, ಊಟವೂ ಸರ್ಕಾರದ್ದೇ. ಒಂಬತ್ತನೇ ಕ್ಲಾಸಿನ ಕೊನೆಗೆ ಬಿಇಸಿಇ ಅಂತ ಪರೀಕ್ಷೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೆ ಇರುವಷ್ಟೇ ಗಲಾಟೆ ಅಲ್ಲಿ ಅದಕ್ಕೆ. ಅದರ ಅಂಕ ನೋಡಿ ಕಂಪ್ಯೂಟರ್ ಸೀಟು ಹಂಚುತ್ತದೆ. ಸೀಟು ಪಕ್ಕದೂರಲ್ಲೇ ಸಿಗಬಹುದು, ದಿನವಿಡೀ ಬಸ್ಸಿನಲ್ಲಿ ಹೋಗಬೇಕಾದಷ್ಟು ದೂರದಲ್ಲೂ ಸಿಗಬಹುದು.

ನಾವು ಕೆಲವರು ಇಂಗ್ಲೆಂಡಿನಿಂದ ಆ ಮಕ್ಕಳಿಗೆ ದುಡ್ಡು ಕಳಿಸುತ್ತೇವೆ. ಇದನ್ನೆಲ್ಲ ಹೇಳಿದಾಗ ಮಂಗಳೂರಿನಲ್ಲಿರುವ ನನ್ನ ತಮ್ಮ ಫೋನಿನಲ್ಲಿ ಕೇಳಿದ, "ಅಕ್ಕ, ಎಲ್ಲ ಫ್ರೀ ಇದ್ದರೆ ನೀವು ಇಂಗ್ಲೆಂಡಿನಿಂದ ದುಡ್ಡು ಕಳಿಸುವುದು ಎಂತಕ್ಕೆ?" ಪೆಟ್ಟಿಗೆಗೆ ಅಂದೆ. ನಗಾಡಿದ.

ನಗುವ ವಿಷಯ ಅಲ್ಲ. ಸೀಟು ಸಿಕ್ಕ ಮಗುವಿಗೆ ಶಾಲೆಯಿಂದ ಒಂದು ಪಟ್ಟಿ ಬರುತ್ತದೆ. ತಗಡಿನ ಟ್ರಂಕು, ಚಾಪ್ ಬಾಕ್ಸ್ ಎನ್ನುವ ಮರದ ಪೆಟ್ಟಿಗೆ, ಹಾಸಿಗೆ, ಬೆಡ್‌ಶೀಟು, ಬಕೆಟ್ಟು, ಪೊರಕೆ, ಶಾಲೆಯ ಅಂಗಳದ ಹುಲ್ಲು ಸವರಲು ಒಂದು ಕತ್ತಿ, ಬಿಳಿ ಅಂಗಿ, ಕಪ್ಪು ಶೂ, ಕ್ಯಾಲ್ಕುಲೇಟರ್, ಬೈಬಲ್ಲು, ಟಾಯ್ಲೆಟ್ ರೋಲು. ಎಲ್ಲ ಒಟ್ಟಿಗೆ ಬೇಕು, ಅದೂ ಕೆಲವೇ ವಾರದೊಳಗೆ. ರಸ್ತೆ ಬದಿಯಲ್ಲಿ ಬಾಳೆಕಾಯಿ ಸುಟ್ಟು ಮಾರುವ ಹೆಂಗಸು ಇಷ್ಟನ್ನು ಒಂದೇ ಸಲ ಎಲ್ಲಿಂದ ತರಬೇಕು? ಹಾಗಾಗಿ ಮಗು "ಮುಂದಿನ ವರ್ಷ ಹೋಗುತ್ತೇನೆ" ಅಂತ ಮನೆಯಲ್ಲಿ ಉಳಿಯುತ್ತದೆ. ಆ ಮುಂದಿನ ವರ್ಷ ಜಾಸ್ತಿ ಸಲ ಬರುವುದೇ ಇಲ್ಲ.

ಚಾಪ್ ಬಾಕ್ಸ್ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಪ್ಲೈವುಡ್ ಅಥವಾ ಹಗುರ ಮರದ ಹಲಗೆಯ ಪೆಟ್ಟಿಗೆ. ಮುಚ್ಚಳಕ್ಕೆ ಎರಡು ಕೀಲು, ಮುಂದೆ ಚಿಲಕ, ಅದಕ್ಕೊಂದು ಬೀಗ. ಮೇಲೆ ಬಣ್ಣದಲ್ಲಿ ಮಗುವಿನ ಹೆಸರು. ಇದು ಮಗುವಿನ ಸ್ವಂತ ಉಗ್ರಾಣ. ಹಾಸ್ಟೆಲಿನ ಊಟ ಸಾಲದ ರಾತ್ರಿಗಳಿಗೆ ಇದರೊಳಗೆ ಗರಿ, ಶಿಟೊ, ಸಕ್ಕರೆ, ಹಾಲಿನ ಪುಡಿ, ನೆಲಗಡಲೆ, ಮೀನಿನ ಡಬ್ಬಿ ಇರುತ್ತವೆ. ಗರಿ ಅಂದರೆ ಮರಗೆಣಸನ್ನು ತುರಿದು, ಹುಳಿ ಬರಿಸಿ, ಹಿಂಡಿ ಹುರಿದ ತರಿ. ನೀರಿಗೆ ಹಾಕಿ ಸಕ್ಕರೆ, ಹಾಲಿನ ಪುಡಿ, ನೆಲಗಡಲೆ ಸೇರಿಸಿದರೆ ಒಂದು ಹೊತ್ತಿನ ಊಟ ಆಯಿತು. ಶಿಟೊ ಅಂದರೆ ಒಣಮೀನು, ಸಿಗಡಿ ಪುಡಿ, ಮೆಣಸು, ಈರುಳ್ಳಿ ಎಲ್ಲವನ್ನೂ ಎಣ್ಣೆಯಲ್ಲಿ ಕಪ್ಪಗಾಗುವ ತನಕ ಹುರಿದದ್ದು. ಮೊದಲ ಸಲ ಬಾಯಿಗಿಟ್ಟಾಗ ನಮ್ಮ ಅಜ್ಜಿಯ ಸಿಗಡಿ ಚಟ್ನಿ ಎಣ್ಣೆಯಲ್ಲಿ ಬಿದ್ದಂತಿತ್ತು. ತಿಂಗಳುಗಟ್ಟಲೆ ಕೆಡುವುದಿಲ್ಲ.

ನಾನು ಈ ಕೆಲಸಕ್ಕೆ ಬಂದದ್ದು ಲೆಕ್ಕ ಬರೆಯುವವಳಾಗಿ. ವೃತ್ತಿಯಲ್ಲಿ ಅಕೌಂಟೆಂಟ್. ಇಂಗ್ಲೆಂಡಿನ ಸಣ್ಣ ಊರಿನ ಚರ್ಚಿನಲ್ಲಿ ಘಾನಾದ ಒಬ್ಬ ನರ್ಸ್ ಇದ್ದಾರೆ, ಎಲ್ಲರಿಗೂ ಅವರು ಆಂಟಿ. ಅವರು ಮೊದಲು ತಮ್ಮ ಸಂಬಳದಲ್ಲೇ ಊರಿನ ಮಕ್ಕಳಿಗೆ ಟ್ರಂಕು ಕೊಡಿಸುತ್ತಿದ್ದರು. ಆಮೇಲೆ ಆರಾಧನೆ ಮುಗಿದ ಮೇಲಿನ ಕಾಫಿ ಹೊತ್ತಿನಲ್ಲಿ ಡಬ್ಬಿ ಇಟ್ಟರು. ಡಬ್ಬಿ ತುಂಬತೊಡಗಿದಾಗ ಲೆಕ್ಕಕ್ಕೆ ಜನ ಬೇಕಾಯಿತು. "ನೀನು ಮಂಗಳೂರಿನವಳಲ್ವಾ? ಬಾಸೆಲ್ ಮಿಶನ್ನಿನವಳು. ಹಾಗಾದರೆ ನೀನು ನಮ್ಮವಳೇ" ಅಂದರು ಆಂಟಿ.

ಅವರು ಹೇಳಿದ್ದು ಸುಮ್ನೆ ಮಾತಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1828ರಲ್ಲಿ ಗೋಲ್ಡ್ ಕೋಸ್ಟಿಗೆ, ಅಂದರೆ ಈಗಿನ ಘಾನಾಕ್ಕೆ ಹೋದರು. ಮಂಗಳೂರಿಗೆ ಬಂದದ್ದು 1834ರಲ್ಲಿ. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಬಂತು. ಅದಕ್ಕೂ ಮೊದಲು, 1881ರಲ್ಲಿ, ಅದೇ ಮಿಶನ್ನಿನ ಕ್ರಿಸ್ಟಾಲರ್ ಘಾನಾದ ಟ್ವಿ ಭಾಷೆಗೆ ನಿಘಂಟು ಮಾಡಿದ್ದರು. ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದವರೇ ಘಾನಾದಲ್ಲಿ ಕಮ್ಮಾರಿಕೆ, ಬಡಗಿತನ ಕಲಿಸುವ ವರ್ಕ್‌ಶಾಪು ನಡೆಸಿದರು. ಅಲ್ಲಿ ಕಮ್ಮಾರಿಕೆ ಕಲಿತ ಟೆಟೆ ಕ್ವಾರ್ಶಿ 1879ರಲ್ಲಿ ಫರ್ನಾಂಡೊ ಪೊ ದ್ವೀಪದಿಂದ ಕೊಕ್ಕೋ ಬೀಜ ತಂದು ಮಾಂಪಾಂಗ್ ಎಂಬ ಊರಿನಲ್ಲಿ ನೆಟ್ಟ. ಇವತ್ತು ಘಾನಾ ಅಂದರೆ ಕೊಕ್ಕೋ. ರಾಜಧಾನಿ ಅಕ್ರಾದ ಉತ್ತರಕ್ಕೆ ಅಕುಆಪೆಮ್ ಗುಡ್ಡದ ಸಾಲು ಇದೆ, ಮಿಶನ್ನಿನ ಹಳೇ ಊರು ಅಕ್ರೊಪಾಂಗ್ ಅದರ ಮೇಲೆ. ಆ ಕಡೆ ನಡೆದು ಹೋಗುವಾಗ ಮನೆ ಮುಂದೆ ಕೊಕ್ಕೋ ಬೀಜ ಒಣಗುವ ವಾಸನೆ ಬರುತ್ತದೆ. ಪುತ್ತೂರು, ಸುಳ್ಯ ಕಡೆ ಅಡಿಕೆ ತೋಟದ ನಡುವೆ ಕೊಕ್ಕೋ ಹಾಕಿದವರಿಗೆ ಆ ಹುಳಿ ವಾಸನೆ ಗೊತ್ತಿರುತ್ತದೆ.

ಹೀಗೆ ಆ ಡಬ್ಬಿ ಒಂದು ಸಣ್ಣ ಸಂಸ್ಥೆ ಆಯಿತು. ನಾವು ಐದು ಜನ ಅದರ ಟ್ರಸ್ಟಿಗಳು. ಯಾರಿಗೂ ಸಂಬಳ ಇಲ್ಲ. ಆಫೀಸು ಇಲ್ಲ, ನನ್ನ ಅಡುಗೆಮನೆ ಮೇಜೇ ಆಫೀಸು. ಇಂಗ್ಲೆಂಡಿನಲ್ಲಿ ವರ್ಷಕ್ಕೆ 5,000 ಪೌಂಡಿಗಿಂತ ಜಾಸ್ತಿ ಆದಾಯ ಇರುವ ಚಾರಿಟಿ, ಅಂದರೆ ದಾನದ ಸಂಸ್ಥೆ, ಸಾಮಾನ್ಯವಾಗಿ ಚಾರಿಟಿ ಕಮಿಷನ್ ಎಂಬ ಸರ್ಕಾರಿ ಇಲಾಖೆಯಲ್ಲಿ ನೋಂದಣಿ ಆಗಬೇಕು. ನಾವು ಆದೆವು. ಅದರಿಂದ ದಾನಿಗಳಿಗೂ ನಂಬಿಕೆ ಬಂತು. ಗಿಫ್ಟ್ ಏಡ್ ಎಂಬ ಯೋಜನೆ ನಮ್ಮಂಥವರಿಗೆ ದೊಡ್ಡ ಆಸರೆ. ತೆರಿಗೆ ಕಟ್ಟುವವರು ಒಂದು ಪೌಂಡು ಕೊಟ್ಟು ಒಂದು ಫಾರಂಗೆ ಸಹಿ ಹಾಕಿದರೆ ಸರ್ಕಾರ ಇನ್ನೂ 25 ಪೆನ್ನಿ ಸೇರಿಸುತ್ತದೆ. ಡಬ್ಬಿಗೆ ಬೀಳುವ ಚಿಲ್ಲರೆಗೂ ಒಂದು ದಾರಿ ಇದೆ: 30 ಪೌಂಡು ಅಥವಾ ಅದಕ್ಕಿಂತ ಕಡಿಮೆ ನಗದಿಗೆ ಫಾರಂ ಇಲ್ಲದೆಯೂ ಈ ಸೇರ್ಪಡೆ ಕೇಳಬಹುದು, ವರ್ಷಕ್ಕೆ ಒಟ್ಟು 8,000 ಪೌಂಡು ದಾನದ ಮಿತಿಯಲ್ಲಿ. ಸಣ್ಣ ಸಂಸ್ಥೆ ಶುರು ಮಾಡುವವರು ಮೊದಲು ಕಲಿಯಬೇಕಾದ್ದು ಇದನ್ನು. ಲೋಗೋ, ಟೀಶರ್ಟು ಎಲ್ಲ ಆಮೇಲೆ.

ಹಣ ಯಾರಿಗೆ ಅನ್ನುವುದನ್ನು ನಾವು ತೀರ್ಮಾನಿಸುವುದಿಲ್ಲ. ಅದಕ್ಕೆ ಆಂಟಿಯ ಊರಿನಲ್ಲೊಂದು ಸಮಿತಿ ಇದೆ. ಜೂನಿಯರ್ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್, ಚರ್ಚಿನ ಇಬ್ಬರು ಹಿರಿಯರು, ಸಂತೆಯಲ್ಲಿ ಟೊಮೆಟೊ ಮಾರುವ ಒಬ್ಬ ಹೆಂಗಸು, ಮತ್ತೆ ಜೊಂಗೊದಿಂದ ಒಬ್ಬರು. ಜೊಂಗೊ ಅಂದರೆ ಉತ್ತರದ ಕಡೆಯಿಂದ ಬಂದು ನೆಲೆಸಿದ ಮುಸ್ಲಿಮರ ಕೇರಿ. "ಕ್ರಿಶ್ಚಿಯನ್ ಸಂಸ್ಥೆ ಅಂತೀರಿ, ಮುಸ್ಲಿಂ ಮಕ್ಕಳಿಗೂ ಕೊಡ್ತೀರಾ?" ಅಂತ ಇಲ್ಲಿ ಕೆಲವರು ಕೇಳಿದ್ದುಂಟು. ಕೊಡುತ್ತೇವೆ. ಪೆಟ್ಟಿಗೆ ಕೊಡುವಾಗ ಪ್ರಾರ್ಥನೆಗೆ ಬನ್ನಿ ಅಂತ ಯಾರನ್ನೂ ಕರೆಯುವುದಿಲ್ಲ. ಹಸಿದವನಿಗೆ ಅನ್ನ ಕೊಡು ಅನ್ನುವಲ್ಲಿ ಯೇಸು ಜಾತಿ ಕೇಳಲಿಲ್ಲ, ನಾವು ಕೇಳುವುದು ಎಂತಕ್ಕೆ?

ಸಮಿತಿಯವರು ನಮ್ಮ ಮಾತನ್ನು ಮುರಿದದ್ದೂ ಇದೆ. ಪೆಟ್ಟಿಗೆ ಕೊಡುವಾಗ ತುಂಬಿಸಿಯೇ ಕೊಡೋಣ ಅಂತ ನಮ್ಮ ಲೆಕ್ಕ. ಹೆಡ್‌ಮಿಸ್ಟ್ರೆಸ್ ಒಪ್ಪಲಿಲ್ಲ. "ಬೇಡ ಸಿಸ್ಟರ್. ಪೆಟ್ಟಿಗೆ ನೀವು ಕೊಡಿ. ಅದರೊಳಗಿನ ಶಿಟೊ ತಾಯಿ ಮಾಡಲಿ. ಅದನ್ನೂ ನೀವೇ ಕೊಟ್ಟರೆ ಅವಳು ಮಗುವಿಗೆ ಏನು ಕೊಟ್ಟ ಹಾಗಾಯ್ತು?" ಸರಿ ಮೇಡಂ ಅಂದೆ. ಇದರಿಂದ ಉಳಿದ ದುಡ್ಡಿನಲ್ಲಿ ಹಾಸಿಗೆಗಳು ಬಂದವು. ಟ್ರಂಕು, ಪೆಟ್ಟಿಗೆ ಓದು ಮುಗಿದ ಮೇಲೆ ವಾಪಸ್ ಬರಬೇಕು ಅನ್ನುವ ನಿಯಮ ಕೂಡ ಅವರದ್ದೇ. ಮರಳು ಕಾಗದದಲ್ಲಿ ಹಳೇ ಹೆಸರು ಉಜ್ಜಿ ಹೊಸ ಹೆಸರು ಬರೆಯುತ್ತಾರೆ. ಎಲ್ಲವೂ ಬರುವುದಿಲ್ಲ. ಕೆಲವು ಅಮ್ಮನ ಅಂಗಡಿಯಲ್ಲಿ ಅಕ್ಕಿ ಪೆಟ್ಟಿಗೆ ಆಗಿ ಕೂತಿವೆ. ಇರಲಿ.

ಪೆಟ್ಟಿಗೆ ಮಾಡುವುದು ಊರಿನ ಬಡಗಿಯೇ. ಅಕ್ರಾದಿಂದ ಒಟ್ಟಿಗೆ ತಂದರೆ ಅಗ್ಗ ಆಗುತ್ತದೆ, ಲೆಕ್ಕ ಹಾಕಿ ನೋಡಿದ್ದೇನೆ. ಆದರೆ ಊರಿನ ಬಡಗಿಯ ಹತ್ತಿರ ಕೆಲಸ ಕಲಿಯುವ ಹುಡುಗರಿದ್ದಾರೆ, ಕೀಲು ಕಳಚಿದರೆ ರಿಪೇರಿಯೂ ಅಲ್ಲೇ. ಅರ್ಧ ದುಡ್ಡು ಮೊದಲು, ಅರ್ಧ ಪೆಟ್ಟಿಗೆ ಎಣಿಸಿ ತೆಗೆದುಕೊಂಡ ಮೇಲೆ. ಬಿಲ್ಲಿನ ಫೋಟೊ ವಾಟ್ಸಾಪಿನಲ್ಲಿ ಬರುತ್ತದೆ, ಇಬ್ಬರ ಸಹಿ ಇರಬೇಕು. ನಮ್ಮ ದುಡ್ಡು ಕೊನೆಗೆ ಯಾವುದಕ್ಕೆ ಖರ್ಚಾಯಿತು ಅಂತ ತೋರಿಸುವ ಹೊಣೆ ಟ್ರಸ್ಟಿಗಳದ್ದು. ಆ ಹೊಣೆಯನ್ನು ಗಡಿ ದಾಟಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ.

ನಿಜವಾಗಿ ತಲೆ ಕೆಟ್ಟದ್ದು 2022ರಲ್ಲಿ. ಆ ವರ್ಷ ಘಾನಾದ ದುಡ್ಡು ಸೀಡಿಯ ಬೆಲೆ ಜಾರುತ್ತಲೇ ಹೋಯಿತು. ಡಿಸೆಂಬರ್ ಹೊತ್ತಿಗೆ ಹಣದುಬ್ಬರ ಶೇ 54 ಮುಟ್ಟಿತ್ತು. ಬಡಗಿ ಸೋಮವಾರ ಹೇಳಿದ ರೇಟಿಗೆ ಶುಕ್ರವಾರ ಪ್ಲೈವುಡ್ ಸಿಗುತ್ತಿರಲಿಲ್ಲ. ಪೌಂಡಿಗೆ ಜಾಸ್ತಿ ಸೀಡಿ ಸಿಗುತ್ತದಲ್ಲ, ಲಾಭವೇ ಅಲ್ವಾ ಅಂತ ಒಬ್ಬ ಟ್ರಸ್ಟಿಗೆ ಖುಷಿ. ಆದರೆ ಮೊದಲೇ ಕಳಿಸಿಟ್ಟ ದುಡ್ಡು ಅಲ್ಲಿನ ಖಾತೆಯಲ್ಲಿ ಕೂತಲ್ಲೇ ಕರಗುತ್ತದೆ. ಹಾಗಾಗಿ ಪದ್ಧತಿ ಬದಲಾಯಿಸಿದೆವು. ವರ್ಷದ ದುಡ್ಡನ್ನು ಒಟ್ಟಿಗೆ ಕಳಿಸುವುದು ನಿಲ್ಲಿಸಿ, ಪೌಂಡನ್ನು ಇಲ್ಲೇ ಇಟ್ಟು, ಸಾಮಾನು ಕೊಳ್ಳುವ ವಾರಕ್ಕೆ ಸರಿಯಾಗಿ ಕಳಿಸತೊಡಗಿದೆವು. ಬಂದ ದಿನವೇ ಹಲಗೆ, ಮೊಳೆ, ಕೀಲು ಕೊಂಡುಬಿಡುವುದು. ಪ್ರತಿ ಸಲ ಬ್ಯಾಂಕಿನ ಶುಲ್ಕ ಬೀಳುತ್ತದೆ, ನಡುವಿನ ಬ್ಯಾಂಕು ಕೂಡ ಕೈಗೆ ಸಿಕ್ಕಷ್ಟು ಮುರಿದುಕೊಳ್ಳುತ್ತದೆ. ಆದರೂ ಅದೇ ಲಾಭ. ಅದರ ಮೇಲೆ ಅದೇ ವರ್ಷ ಮೇ ತಿಂಗಳಿನಿಂದ ಮೊಬೈಲ್ ದುಡ್ಡಿನ ಮೇಲೆ ಇ-ಲೆವಿ ಅಂತ ಶೇ 1.5 ತೆರಿಗೆ ಬಂತು, ದಿನಕ್ಕೆ 100 ಸೀಡಿ ದಾಟಿದರೆ. ಅಲ್ಲಿ ಎಲ್ಲರೂ ಮೊಬೈಲಿನಲ್ಲೇ ದುಡ್ಡು ಕೊಡುವುದು. ಹಾಗಾಗಿ ಬಡಗಿಗೆ ಮತ್ತೆ ಚೆಕ್ ಬರೆಯುವ ಕಾಲ ಬಂತು. ಆ ತೆರಿಗೆ 2025ರಲ್ಲಿ ಹೋಯಿತು.

ದುಡ್ಡು ಎತ್ತುವುದು ಕಷ್ಟ ಅಂತ ಜನ ತಿಳಿಯುತ್ತಾರೆ. ನನಗೆ ಕಷ್ಟ ಅನಿಸಿದ್ದು ಬೇಡ ಅನ್ನುವುದು. ಹಳೇ ಬಟ್ಟೆ ಮೂಟೆ ಕಟ್ಟಿ ತಂದುಕೊಡುವವರಿದ್ದಾರೆ. ಅಕ್ರಾದ ಕಾಂಟಮಾಂಟೊ ಸಂತೆಯಲ್ಲಿ ಯುರೋಪಿನ ಹಳೇ ಬಟ್ಟೆ ಬೆಟ್ಟದಷ್ಟಿದೆ, ಮಾರಾಟವಾಗದ್ದು ಸಮುದ್ರ ದಂಡೆಗೆ ಬಂದು ಬೀಳುತ್ತದೆ. ಇನ್ನಷ್ಟು ಕಳಿಸುವುದು ಯಾಕೆ? "ನಾನು ಸಹಾಯ ಮಾಡಿದ ಮಗುವಿನ ಫೋಟೊ ಬೇಕು" ಅನ್ನುವವರಿದ್ದಾರೆ. ಪೆಟ್ಟಿಗೆಯ ಫೋಟೊ ಕೊಡುತ್ತೇವೆ, ಮಗುವಿನದ್ದು ಇಲ್ಲ. ಹೆಸರೂ ಇಲ್ಲ. ಪರಸ್ಥಳದ ಹಾಸ್ಟೆಲಿಗೆ ಹೋಗುವ ಹದಿನೈದರ ಹುಡುಗಿಯ ಬಡತನವನ್ನು ಇಲ್ಲಿನ ನೋಟಿಸ್ ಬೋರ್ಡಿಗೆ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ.

ಎಲ್ಲರಿಗಿಂತ ಹಟದವರು ಅಂದರೆ ಕಟ್ಟಡ ಬೇಕು ಅನ್ನುವವರು. ದಿವಂಗತರ ನೆನಪಿಗೆ ಒಂದು ಕ್ಲಾಸ್‌ರೂಮು ಕಟ್ಟಿಸಿ, ಗೋಡೆಯಲ್ಲಿ ಕಲ್ಲು ಹಾಕಿಸಬೇಕು ಅನ್ನುತ್ತಾರೆ. ಭಾವನೆ ಅರ್ಥವಾಗುತ್ತದೆ, ನಮ್ಮೂರಿನ ದೇವಸ್ಥಾನ, ಚರ್ಚು, ಮಸೀದಿ ಎಲ್ಲ ಕಡೆ ಟ್ಯೂಬ್‌ಲೈಟಿನ ಮೇಲೂ ದಾನಿಗಳ ಹೆಸರಿರುತ್ತದಲ್ಲ. ಆದರೆ ಕಟ್ಟಿಸಲು ದುಡ್ಡು ಬರುತ್ತದೆ, ನಡೆಸಲು ಬರುವುದಿಲ್ಲ. ಈ ಮಾತಿಗೆ ಶಾಲೆಯ ಕೈಪಂಪಿನ ಕತೆ ಸಾಕು.

ಒಬ್ಬ ದಾನಿ ಹೊಸ ಬೋರ್‌ವೆಲ್ ಹಾಕಿಸಲು ಸಿದ್ಧವಿದ್ದರು. ನಾನು ಆಂಟಿಯ ಜೊತೆ ಅಲ್ಲಿಗೆ ಹೋದಾಗ ಶಾಲೆಯ ಹಿಂದೆ ಒಂದು ಪಂಪು ಆಗಲೇ ಇತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು, ನಮ್ಮ ಹಳ್ಳಿಗಳ ಅದೇ ಉದ್ದ ಹಿಡಿಯ ಕೈಪಂಪು, ಇಂಡಿಯಾ ಮಾರ್ಕ್ 2. ಘಾನಾದಲ್ಲಿ ಅದನ್ನು ಸ್ವಲ್ಪ ಬದಲಾಯಿಸಿ ಬಳಸುತ್ತಾರೆ. ಅದರ ಮೂಲ ಮಹಾರಾಷ್ಟ್ರದ ಜಾಲ್ನಾ, ಸೊಲ್ಲಾಪುರ ಕಡೆ ನೀರಿನ ಕೆಲಸ ಮಾಡುತ್ತಿದ್ದ ಚರ್ಚಿನವರ ಪಂಪುಗಳಲ್ಲಿದೆ. 1970ರ ದಶಕದಲ್ಲಿ ಯುನಿಸೆಫ್ ಜೊತೆಗೂಡಿ ಅದಕ್ಕೊಂದು ಮಾದರಿ ಮಾಡಿದರು, ಅಲ್ಲಿಂದ ಆಫ್ರಿಕಾಕ್ಕೂ ಹೋಯಿತು. ಈ ಪಂಪಿನ ಹಿಡಿ ಒತ್ತಿದರೆ ಸುಮ್ನೆ ಕೆಳಗೆ ಬೀಳುತ್ತಿತ್ತು. ನೀರು ಬರಲು ಮಕ್ಕಳು ಸರದಿಯಲ್ಲಿ ನಿಂತು ಒತ್ತಬೇಕು. ಮೆಕ್ಯಾನಿಕ್ ಬಂದು ಪೈಪು ಎತ್ತಿ ಸಿಲಿಂಡರ್ ಬಿಚ್ಚಿದ. ರಬ್ಬರ್ ವಾಷರ್ ಸವೆದು ಬಳೆಯಷ್ಟು ತೆಳ್ಳಗಾಗಿತ್ತು, ಮೇಲಿನ ಚೈನಿನಲ್ಲಿ ಗ್ರೀಸಿನ ಪಸೆ ಕೂಡ ಇರಲಿಲ್ಲ. ವಾಷರ್ ಬದಲಾಯಿಸಿ ಗ್ರೀಸು ಹಾಕಿದ ಮೇಲೆ ಅದೇ ಪಂಪು ನೀರು ಸುರಿಯಿತು. ಹೊಸ ಬೋರಿನ ದುಡ್ಡಿನ ಮುಂದೆ ಆ ಖರ್ಚು ಲೆಕ್ಕಕ್ಕೇ ಇಲ್ಲ. ದಾನಿಗೆ ಮಾತ್ರ ಸಮಾಧಾನ ಆಗಲಿಲ್ಲ. ವಾಷರಿನ ಮೇಲೆ ಯಾರ ಹೆಸರು ಬರೆಯುವುದು? ಕೊನೆಗೆ ಅವರು ಬೇರೆ ಸಂಸ್ಥೆಗೆ ಕೊಟ್ಟರು. ನಾವು ವರ್ಷಕ್ಕೊಮ್ಮೆ ಮೆಕ್ಯಾನಿಕ್ ಬರುವ ಖರ್ಚನ್ನು ಬಜೆಟ್ಟಿನಲ್ಲಿ ಸೇರಿಸಿದೆವು.

ಈ ವರ್ಷ ಸಮಿತಿಯಿಂದ ಬಂದ ಪಟ್ಟಿಯಲ್ಲಿ ಟ್ರಂಕು, ಪೆಟ್ಟಿಗೆ ಜೊತೆ ಎರಡು ಹೊಲಿಗೆ ಯಂತ್ರ ಇವೆ. ಬಿಇಸಿಇಯಲ್ಲಿ ಅಂಕ ಸಾಲದ ಹುಡುಗಿಯರಿಗೆ. ಘಾನಾದಲ್ಲಿ ಟೈಲರ್ ಮೇಡಂ ಹತ್ತಿರ ಕೆಲಸ ಕಲಿಯಲು ಸೇರಬೇಕಾದರೆ ಕಲಿಯುವವರೇ ಫೀಸು ಕೊಡಬೇಕು, ಯಂತ್ರವನ್ನೂ ತರಬೇಕು. ಇದು ಓದಿನ ಖರ್ಚೇ, ಅಲ್ಲವೇ ಅಂತ ನಮ್ಮಲ್ಲಿ ಎರಡು ಮೀಟಿಂಗು ಜಗಳ ಆಯಿತು. ಪರೀಕ್ಷೆ ಪಾಸಾದವರಿಗೆ ಸರ್ಕಾರ ಇದೆ, ಪಾಸಾಗದವರಿಗೆ ಯಾರಿದ್ದಾರೆ ಅಂತ ಹೆಡ್‌ಮಿಸ್ಟ್ರೆಸ್ ವಾಟ್ಸಾಪಿನಲ್ಲಿ ಬರೆದರು. ಕೂಡಲೇ ಇನ್ನೊಂದು ಮೆಸೇಜು: ಕಾಲಲ್ಲಿ ತುಳಿಯುವುದು ಬೇಡ ಸಿಸ್ಟರ್, ಕೈಯಲ್ಲಿ ತಿರುಗಿಸುವುದೇ ಸಾಕು, ಹೊತ್ತುಕೊಂಡು ಹೋಗಲು ಸುಲಭ. ಬೆಲೆ ಕೇಳಿ ಕಳಿಸಿದ್ದೇವೆ.