ಆಟಿಕ್‌ನ ಹಳೇ ಇನ್ಸುಲೇಷನ್ ಕೀಳಬೇಕಾ, ಬೇಡವಾ?

ಮಿಷಿಗನ್ ಕಡೆ ಹಳೇ ಮನೆ ಕೊಂಡವರೇ, ಚಳಿಗೆ ಮೊದಲು ಒಮ್ಮೆ ಮಾಸ್ಕ್ ಹಾಕಿ, ಟಾರ್ಚ್, ಸ್ಕೇಲ್ ಹಿಡಿದು ಆಟಿಕ್ (ಸೂರಿನ ಕೆಳಗಿನ ಅಟ್ಟ) ಹತ್ತಿ. ಅಲ್ಲಿ ನೆಲದ ಮರದ ತೊಲೆಗಳ ಮೇಲ್ಭಾಗ ಕಾಣುತ್ತಿದ್ದರೆ ಇನ್ಸುಲೇಷನ್, ಅಂದರೆ ಮನೆಯ ಬಿಸಿ ಹೊರಹೋಗದಂತೆ ತಡೆಯುವ ಪದರ, ಸಾಲದು. ಇಲ್ಲಿನ ಚಳಿಗೆ ಆರ್-49 ಆದರೂ ಬೇಕು (ಆರ್ ಅಂದರೆ ಬಿಸಿ ತಡೆಯುವ ಶಕ್ತಿಯ ಅಳತೆ). ಫೈಬರ್‌ಗ್ಲಾಸ್ ಆದರೆ ಸುಮಾರು 15 ಇಂಚು, ಉದುರಾಗಿ ತುಂಬಿದ್ದರೆ ಇನ್ನೂ ಜಾಸ್ತಿ.

ಹಾಗಂತ ಸುಮ್ನೆ ಎಲ್ಲ ಕಿತ್ತು ಬಿಸಾಡಬೇಡಿ. ಒಣಗಿದ್ದು ಚೊಕ್ಕವಾಗಿದ್ದರೆ, ಗಾಳಿ ನುಗ್ಗುವ ಸಂದುಗಳನ್ನು ಮುಚ್ಚಿ ಮೇಲೆ ಇನ್ನೊಂದು ಪದರ ಹಾಕಿದರೆ ಸಾಕು. ಕಂಟ್ರಾಕ್ಟರ್ ಬೇರೆ ಹೇಳಿಯಾರು, ಅವರ ಹೊಟ್ಟೆಪಾಡು ಅಲ್ವಾ!

ನೆಂದು ಅಮರಿಕೊಂಡಿದ್ದರೆ, ಬೂಷ್ಟು ಹಿಡಿದಿದ್ದರೆ, ಇಲಿ ಹಿಕ್ಕೆ ತುಂಬಿದ್ದರೆ ಮಾತ್ರ ತೆಗೆಸಲೇಬೇಕು. ನಮ್ಮಲ್ಲಿ ಬಾತ್‌ರೂಮ್ ಫ್ಯಾನಿನ ಪೈಪ್ ಕಳಚಿಕೊಂಡು ಹಬೆಯೆಲ್ಲ ಆಟಿಕ್‌ಗೇ ಹೋಗುತ್ತಿತ್ತು. ಕೆಳಗಿನ ಇನ್ಸುಲೇಷನ್ ಒದ್ದೆ ಹಾಸಿಗೆಯ ಹಾಗೆ ಕುಸಿದಿತ್ತು. ಮೊದಲು ಪೈಪ್ ಸರಿ ಮಾಡಿಸಿ, ಅಷ್ಟು ಭಾಗ ಮಾತ್ರ ಬದಲಿಸಿದೆವು.

ಒಂದಕ್ಕೆ ಮಾತ್ರ ಹುಷಾರು. 1990ಕ್ಕೂ ಹಿಂದಿನ ಮನೆಯಲ್ಲಿ ಬೂದು-ಕಂದು ಬಣ್ಣದ, ಹೊಳೆಯುವ ಹರಳಿನಂಥ ವರ್ಮಿಕ್ಯುಲೈಟ್ (ಇನ್ಸುಲೇಷನ್‌ಗೆ ಸುರಿಯುತ್ತಿದ್ದ ಒಂದು ಖನಿಜ) ಕಂಡರೆ ಮುಟ್ಟಬೇಡಿ, ಕೆದಕಬೇಡಿ. ಮೊಂಟಾನಾದ ಲಿಬ್ಬಿ ಗಣಿಯಿಂದ ಬಂದ ಮಾಲಿನಲ್ಲಿ ಆಸ್ಬೆಸ್ಟಾಸ್, ಅಂದರೆ ಉಸಿರಿನ ಜೊತೆ ಒಳಹೋದರೆ ಕ್ಯಾನ್ಸರ್ ತರಬಲ್ಲ ನಾರು, ಬೆರೆತಿರುತ್ತಿತ್ತು. ಮೆಲ್ಲಗೆ ಇಳಿದು ಬಾಗಿಲು ಹಾಕಿ, ಆಸ್ಬೆಸ್ಟಾಸ್ ತೆಗೆಯುವ ಲೈಸೆನ್ಸ್ ಇರುವವರನ್ನೇ ಕರೆಸಿ.